ಶಾಲೆಯ ಗಾಡಿ ಹಳ್ಳದ ಏರು ಹತ್ತಿದ ದಿನ

ಉಪಕಾರ ಮಾಡಿದವರನ್ನು ಮರೆಯಬಾರದು ಎಂದು ಇವತ್ತಿನ ಪ್ರವಚನದಲ್ಲಿ ಇಷ್ಟು ಹೊತ್ತು ಹೇಳಿದೆವು. ನೀವೆಲ್ಲ ತಲೆದೂಗಿದಿರಿ. ಈಗ ಅದೇ ಮಾತಿನ ಇನ್ನೊಂದು ಮಗ್ಗುಲು ನೋಡೋಣ. ಉಪಕಾರವನ್ನು ಮರೆಯಬಾರದು, ಸರಿ. ಆದರೆ ಅದನ್ನು ತೀರಿಸುವುದು ಯಾವುದರಿಂದ? ನಿಮ್ಮ ಮನೆಗೆ ಒಬ್ಬರು ಒಳ್ಳೆಯದು ಮಾಡಿದರು ಅನ್ನಿ. ಅದಕ್ಕೆ ಬದಲಾಗಿ ಪಕ್ಕದ ಮನೆಯ ಎಮ್ಮೆಯನ್ನು ಬಿಚ್ಚಿ ಅವರ ಕೈಗೆ ಹಗ್ಗ ಕೊಡುತ್ತೀರಾ? ನಗುತ್ತೀರಿ. ಹಾಗೆ ಹಗ್ಗ ಕೊಡುವವರು ನಮ್ಮೊಳಗೆ ಎಷ್ಟು ಜನ ಇದ್ದೇವೆ ಎಂದು ತಿಳಿಯುವುದಕ್ಕೆ ಒಂದು ಕಥೆ ಕೇಳಿ.

ದೊಡ್ಡ ಊರೊಂದಿತ್ತು. ಆ ದೊಡ್ಡ ಊರಿಗೆ ಸಾವಕಾರ ಒಬ್ಬನೇ. ಮಲಕಾಜಪ್ಪ ಸಾವಕಾರ ಎನ್ನುತ್ತಿದ್ದರು. ಶ್ರೀಮಂತ ಎಂದ ಕೂಡಲೇ ಕೆಟ್ಟವನು ಎಂದುಕೊಳ್ಳಬೇಡಿ, ಕಥೆ ಅಷ್ಟು ಸುಲಭದ್ದಲ್ಲ. ಶಾಲೆಗೆ ಜಾಗ ಕೊಟ್ಟವನು ಅವನು. ಬಾಗಿಲಿಗೆ ಕಲ್ಲಿನ ಕಮಾನು ಕಟ್ಟಿಸಿದವನು ಅವನು. ಝಂಡಾ ಹಾರಿಸುವ ದಿನ ಮಕ್ಕಳಿಗೆಲ್ಲ ಲಾಡು ಹಂಚುವವನು ಅವನು. ಊರಿನಲ್ಲಿ ಯಾರಿಗಾದರೂ ಹೆರಿಗೆ ಕಷ್ಟವಾದರೆ, ಹಾವು ಕಚ್ಚಿದರೆ, ಅವನ ಜೀಪು ಬಾಗಿಲಿಗೆ ಬಂದು ನಿಲ್ಲುತ್ತಿತ್ತು.

ಅದೇ ಊರಿನಲ್ಲಿ ಬೌರವ್ವ ಎಂಬ ಹೆಣ್ಣುಮಗಳಿದ್ದಳು. ರೊಟ್ಟಿ ಬಡಿದು ಪಟ್ಟಣದ ಖಾನಾವಳಿಗೆ ಕಳಿಸುವ ಕೆಲಸ. ಒಂದು ವರ್ಷ ಅವಳ ಗಂಡ ಗೂಳಪ್ಪ ಹೊಲದಲ್ಲೇ ಎದೆನೋವು ಬಂದು ಕೆಳಗೆ ಬಿದ್ದ. ಸುದ್ದಿ ಹೋದ ಕೂಡಲೇ ಜೀಪು ಬಂತು. ಸಾವಕಾರ ತಾನೇ ಮುಂದೆ ಕೂತು ದವಾಖಾನೆಗೆ ಕರೆದೊಯ್ದ. ಇನ್ನೊಂದಿಷ್ಟು ತಡವಾಗಿದ್ದರೆ ಆಸೆ ಇರಲಿಲ್ಲ ಎಂದು ಡಾಕ್ಟರು ಹೇಳಿದರು. ಗೂಳಪ್ಪ ಉಳಿದ, ನಡೆದೇ ಮನೆಗೆ ಬಂದ. ಅವತ್ತಿನಿಂದ ಬೌರವ್ವ ಸಾವಕಾರನ ಮನೆಯ ಮುಂದೆ ಹಾಯುವಾಗ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಕೈಮುಗಿದೇ ಮುಂದೆ ಹೋಗುತ್ತಿದ್ದಳು.

ನೋಡಿ, ಇಲ್ಲಿಗೆ ಎಲ್ಲ ಚಂದ. ಕೊಟ್ಟವನಲ್ಲಿ ದೊಡ್ಡತನ, ಪಡೆದವಳಲ್ಲಿ ಕೃತಜ್ಞತೆ. ಕಥೆ ಇಲ್ಲೇ ಮುಗಿದಿದ್ದರೆ ನಾವು ನಿಮಗೆ ಹೇಳುವ ಅಗತ್ಯವೇ ಇರಲಿಲ್ಲ.

ಆ ಊರಿನ ಸುತ್ತ ತೋಟದ ವಸ್ತಿಗಳು ಬಹಳ. ವಸ್ತಿಗಳಲ್ಲಿದ್ದ ಸಣ್ಣ ಶಾಲೆಗಳನ್ನು ಮುಚ್ಚಿ ಮಕ್ಕಳನ್ನೆಲ್ಲ ಊರಿನ ದೊಡ್ಡ ಶಾಲೆಗೆ ಸೇರಿಸಿದ್ದರು. ಹಳ್ಳ ದಾಟಿ ಬರಬೇಕಾದ ಮಕ್ಕಳಿಗಾಗಿ ಗಾಡಿ ಗೊತ್ತುಮಾಡಲು ಸರ್ಕಾರ ಪ್ರತಿ ವರ್ಷ ಅನುದಾನ ಕೊಡುತ್ತಿತ್ತು. ಗೊತ್ತುಮಾಡಬೇಕಾದವರು ಶಾಲೆಯ ಮೇಲುಸ್ತುವಾರಿ ಸಮಿತಿಯವರು, ಎಂದರೆ ಮಕ್ಕಳ ತಂದೆತಾಯಿಗಳೇ. ಆ ಶಾಲೆಗೆ ಬಂದಿದ್ದ ಆದೇಶವೂ ಸ್ಪಷ್ಟವಾಗಿತ್ತು. ಗಾಡಿ ಬೇಕೆಂದು ಎಲ್ಲರಿಗೂ ತಿಳಿಯುವಂತೆ ಪ್ರಕಟಣೆ ಹಚ್ಚಬೇಕು. ಬೇರೆ ಬೇರೆಯವರಿಂದ ಮುಚ್ಚಿದ ಲಕೋಟೆಯಲ್ಲಿ ದರ ತರಿಸಬೇಕು. ಗಾಡಿಯನ್ನು ಪರೀಕ್ಷಿಸಬೇಕು. ಪರೀಕ್ಷೆಯಲ್ಲಿ ಪಾಸಾದವರ ಲಕೋಟೆಯನ್ನಷ್ಟೇ ಎಲ್ಲರ ಎದುರು ಒಡೆದು, ಕಡಿಮೆ ದರದವರಿಗೆ ಕೆಲಸ ಕೊಡಬೇಕು.

ಆದೇಶ ಹೀಗಿತ್ತು. ನಡೆಯುತ್ತಿದ್ದದ್ದು ಹೇಗೆ? ಗಾಡಿ ಯಾವಾಗಲೂ ಸಾವಕಾರನದೇ. ಒಂದು ಲಕೋಟೆ ಅವನದು, ಉಳಿದವು ಅವನ ಅಳಿಯನದು, ಅವನ ಗುಮಾಸ್ತನದು. ಊರಿಗೆಲ್ಲ ಗೊತ್ತಿದ್ದ ಸಂಗತಿ ಇದು. ಇದರಲ್ಲಿ ತಪ್ಪಿದೆ ಎಂದು ಯಾರಿಗೂ ಅನಿಸಿರಲಿಲ್ಲ. ಜಾಗ ಕೊಟ್ಟವನಿಗೆ, ಕಮಾನು ಕಟ್ಟಿಸಿದವನಿಗೆ ಇಷ್ಟೂ ಬೇಡವೇ ಎನ್ನುತ್ತಿದ್ದರು. ಪಕ್ಕದ ಮನೆಯ ಎಮ್ಮೆ ಎಂದೆವಲ್ಲ, ಅದರ ಹಗ್ಗ ಬಿಚ್ಚುವುದು ಹೀಗೆಯೇ.

ಸಮಿತಿಗೆ ಹೊಸ ಅಧ್ಯಕ್ಷರನ್ನು ಆರಿಸುವಾಗ ಸಾವಕಾರ ಬೌರವ್ವನ ಹೆಸರು ಹೇಳಿದ. ಅವಳ ಮಗಳು ಅದೇ ಶಾಲೆಯಲ್ಲಿ ಓದುತ್ತಿದ್ದಳು. ಬೌರವ್ವನೂ ಏಳನೆಯ ಇಯತ್ತೆಯವರೆಗೆ ಕಲಿತವಳು. ಸಾವಕಾರನ ಲೆಕ್ಕ ಬೇರೆಯೇ ಇತ್ತು. ಇವಳು ನನ್ನ ಮಾತು ಮೀರುವವಳಲ್ಲ ಎಂಬುದು. ಬೌರವ್ವನಿಗೂ ಮೀರುವ ಮನಸ್ಸಿರಲಿಲ್ಲ. ಹೆಡ್ ಮಾಸ್ತರು ಇಂಗಳೇಶ್ವರ ಸರ್ ಗಾಡಿಯ ಕಾಗದ ಮುಂದಿಟ್ಟಾಗ ಅವಳು ಪೆನ್ನು ಕೈಗೆ ತೆಗೆದುಕೊಂಡೂ ಆಗಿತ್ತು. ಗಾಡಿಯನ್ನು ಪರಿಶೀಲಿಸಿದ್ದೇವೆ, ಮಕ್ಕಳಿಗೆ ಯೋಗ್ಯವಾಗಿದೆ ಎಂದು ಅದರಲ್ಲಿ ಬರೆದಿತ್ತು. ಓದಿದವಳು ಪೆನ್ನು ಕೆಳಗಿಟ್ಟಳು. ನಾನು ನೋಡೇ ಇಲ್ಲವಲ್ಲ, ನಾಳೆ ಒಮ್ಮೆ ಗಾಡಿಯಲ್ಲಿ ಹೋಗಿ ಬಂದು ಸಹಿ ಮಾಡುತ್ತೇನೆ ಎಂದಳು. ಅವಳಿಗೆ ಯಾವ ಅನುಮಾನವೂ ಇರಲಿಲ್ಲ. ನೋಡದೆ ನೋಡಿದೆ ಎಂದು ಬರೆಯಲು ಕೈ ಬರಲಿಲ್ಲ, ಅಷ್ಟೇ.

ಮರುದಿನ ಬೆಳಿಗ್ಗೆ ವಸ್ತಿಗೆ ಹೋಗಿ ಮಕ್ಕಳ ಜೊತೆ ಸಾವಕಾರನ ಟೆಂಪೋ ಹತ್ತಿದಳು. ಒಳಗೆ ಕಾಲಿಡಲು ಜಾಗವಿಲ್ಲ. ದೊಡ್ಡ ಮಕ್ಕಳ ತೊಡೆಯ ಮೇಲೆ ಸಣ್ಣ ಮಕ್ಕಳು, ಸಣ್ಣವರ ಮಡಿಲಲ್ಲಿ ಎಲ್ಲರ ಪಾಟಿಚೀಲ. ಹಿಂದಿನ ಬಾಗಿಲಿಗೆ ಚಿಲಕವಿಲ್ಲ, ಹಗ್ಗ ಬಿಗಿದಿದ್ದರು. ಹಳ್ಳ ದಾಟಿ ಏರು ಹತ್ತುವಾಗ ಟೆಂಪೋ ನರಳಿತು, ನಿಂತಿತು, ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಬೌರವ್ವನಿಗೆ ಜೀವವೇ ಬಾಯಿಗೆ ಬಂತು. ಮಕ್ಕಳು ಮಾತ್ರ ಹೆದರಲಿಲ್ಲ. ಹಗ್ಗದ ಪಕ್ಕದಲ್ಲಿ ಕೂತಿದ್ದ ಹುಡುಗಿಯರು ತಟಕ್ಕನೆ ಹಗ್ಗ ಬಿಚ್ಚಿ ಕೆಳಗೆ ಜಿಗಿದರು. ದಾರಿಯ ಬದಿಯಲ್ಲಿಟ್ಟಿದ್ದ ಕಲ್ಲುಗಳನ್ನೆತ್ತಿ, ಜಾರುವ ಗಾಲಿಗಳ ಹಿಂದೆ ಅಡ್ಡ ಕೊಟ್ಟರು. ಗಾಡಿ ನಿಂತಿತು. ಹುಡುಗಿಯರು ನಗುತ್ತ ಕೈ ಒರೆಸಿಕೊಂಡರು. ಅವರಿಗೆ ಅದೊಂದು ಆಟ. ದಿನದ ಆಟ.

ಆ ಹುಡುಗಿಯರಲ್ಲಿ ಒಬ್ಬಳ ಕೈಬೆರಳು ಗಾಲಿಗೂ ಕಲ್ಲಿಗೂ ನಡುವಿನಿಂದ ಕೂದಲೆಳೆಯಲ್ಲಿ ಪಾರಾಗಿ ಹೊರಬಂದದ್ದನ್ನು ಬೌರವ್ವ ಕಂಡಳು.

ತಾಯಂದಿರೇ, ಈಗ ಹೇಳಿ. ಆ ಕಾಗದಕ್ಕೆ ಸಹಿ ಮಾಡುವುದು ಹೇಗೆ? ಮಾಡದೆ ಇರುವುದೂ ಹೇಗೆ? ಒಂದು ಕಡೆ ಆ ಹುಡುಗಿಯ ಬೆರಳು. ಇನ್ನೊಂದು ಕಡೆ ಮನೆಯಲ್ಲಿ ಜೀವಂತ ಕೂತಿರುವ ಗಂಡ.

ಅವಳು ಮನೆಗೆ ಬಂದು ಗಂಡನಿಗೆ ಎಲ್ಲ ಹೇಳಿದಳು. ಗೂಳಪ್ಪನಿಗೆ ಸಿಟ್ಟು ಬರಲಿಲ್ಲ, ಹೆದರಿಕೆ ಬಂತು. ಸಾವಕಾರನ ಎದುರು ಹೋಗುವುದು ಬೇಡ, ಟೆಂಪೋ ರಿಪೇರಿ ಮಾಡಿಸಲು ಬೇಡಿಕೊಂಡರೆ ಸಾಕು ಎಂದ. ಅವಳು ಒಪ್ಪದೆ ಹೋದಾಗ ಅವನು ಅವಳ ಎದುರಿಗೇ ಬಂದು ಕೂತ.

"ಆ ಜೀಪ ಬರದಿದ್ರ ನಾ ಇವತ್ತ ನಿನ್ನ ಮುಂದ ಕೂತಿರ್ತಿದ್ದಿಲ್ಲ, ಬೌರವ್ವ. ಅದನ್ನ ಮರತೇನ?"

ಅವಳು ನಾದುತ್ತಿದ್ದ ಹಿಟ್ಟನ್ನು ಬದಿಗೆ ಸರಿಸಿದಳು. ಆಮೇಲೆ ಹೇಳಿದಳು:

"ಮರತಿಲ್ಲ. ಜೀವ ಇರೂತನಕ ಮರಿಯೂದಿಲ್ಲ. ಅವರ ಉಪಕಾರ ನಮ್ಮ ಮನೀಗೆ ಆಗೇತಿ. ನಮ್ಮ ಮನ್ಯಾಗಿಂದ ತೀರಸೂಣು. ಮಂದಿ ಮಕ್ಕಳ ಜೀವದಾಗ ಯಾಕ ತೀರಸ್ಲಿ?"

ಈ ಮಾತನ್ನು ಮನೆಗೆ ಒಯ್ಯಿರಿ. ಇವತ್ತಿನ ಪ್ರವಚನದಲ್ಲಿ ಬೇರೆ ಏನು ಮರೆತರೂ ಪರವಾಗಿಲ್ಲ, ಇದನ್ನು ಒಯ್ಯಿರಿ. ನಮ್ಮ ಮನೆಯ ಉಪಕಾರವನ್ನು ನಮ್ಮ ಮನೆಯಿಂದ ತೀರಿಸಬೇಕು. ಮಂದಿ ಮಕ್ಕಳ ಜೀವದಲ್ಲಿ ಅಲ್ಲ.

ಅವಳು ಹಿಂದೆ ಮಾತಾಡಿ ಮುಂದೆ ಕೈಮುಗಿಯುವ ಹೆಂಗಸಲ್ಲ. ನೇರ ಸಾವಕಾರನ ಮನೆಗೆ ಹೋದಳು. ಅವನು ಆಗಷ್ಟೇ ಪೂಜೆ ಮುಗಿಸಿ, ಹಣೆಗೆ ವಿಭೂತಿ ಧರಿಸಿ ಪಡಸಾಲೆಯಲ್ಲಿ ಕೂತಿದ್ದ. ಬಿಸಿ ರೊಟ್ಟಿಯ ಗಂಟನ್ನು ಅವನ ಮುಂದಿಟ್ಟು, ತಾನು ಕಂಡದ್ದನ್ನು ಹೇಳಿದಳು. ಈ ಸಲ ಪ್ರಕಟಣೆಯನ್ನು ಪಟ್ಟಣದ ಬಸ್‌ಸ್ಟ್ಯಾಂಡಿಗೂ ಹಚ್ಚುತ್ತೇವೆ, ಬಂದ ಗಾಡಿಗಳನ್ನು ಹಳ್ಳದ ಏರಿನಲ್ಲೇ ಪರೀಕ್ಷೆ ಮಾಡುತ್ತೇವೆ, ನೀವೂ ಲಕೋಟೆ ಕೊಡಬೇಕು ಎಂದಳು. ಸಾವಕಾರ ರೇಗಲಿಲ್ಲ. ಅವನು ನಕ್ಕ. ಚಿಕ್ಕ ಮಗುವೊಂದು ತನ್ನ ಮೀಸೆ ಎಳೆದರೆ ನಗುತ್ತೇವಲ್ಲ, ಹಾಗೆ.

"ಹಚ್ಚವ್ವ, ಹಚ್ಚು. ಎಲ್ಲಿ ಬೇಕಾದಲ್ಲಿ ಹಚ್ಚು. ನನ್ನ ಎದುರಿಗೆ ಯಾರ ಬರ್ತಾರ, ನಾನೂ ನೋಡ್ತೀನಿ."

ಅವನ ಮಾತು ನಿಜವಾಯಿತು. ಪ್ರಕಟಣೆ ಹಚ್ಚಿದರು, ಗಡುವು ಮುಗಿಯಿತು, ಸಾವಕಾರನ ಕಡೆಯ ಲಕೋಟೆಗಳ ಹೊರತು ಒಂದೂ ಬರಲಿಲ್ಲ. ಊರಿನಲ್ಲಿ ನಗೆಯಾಯಿತು. ಇನ್ನು ಸಹಿ ಹಾಕಿಬಿಡಿ, ನಿಯಮ ಪಾಲಿಸಿದ ಹಾಗೂ ಆಯಿತು, ಸಾವಕಾರರನ್ನು ಉಳಿಸಿಕೊಂಡ ಹಾಗೂ ಆಯಿತು ಎಂದು ಇಂಗಳೇಶ್ವರ ಸರ್ ಮೆಲ್ಲಗೆ ಹೇಳಿದರು. ಅವರೂ ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ಊರಿನಲ್ಲಿ ಜಗಳ ಬೇಡವಾಗಿತ್ತು. ಬೌರವ್ವ ಗಡುವನ್ನು ಮುಂದಕ್ಕೆ ಹಾಕಿಸಿದಳು. ತಾನೇ ಪಟ್ಟಣಕ್ಕೆ ಹೊರಟಳು.

ಬಸ್‌ಸ್ಟ್ಯಾಂಡಿನ ಹಿಂದೆ ಗಾಡಿಯವರು ನಿಲ್ಲುವ ಜಾಗ. ಒಬ್ಬೊಬ್ಬರನ್ನೂ ಕೇಳಿದಳು. ಸಾವಕಾರನ ಹೆಸರು ಕೇಳಿದ್ದೇ ಒಬ್ಬ ಟೈರು ನೋಡತೊಡಗಿದ, ಒಬ್ಬ ಚಹಾ ಕುಡಿಯಲು ಹೋದ. ಕೊನೆಗೆ ದಸ್ತಗೀರ ಎಂಬವನು ಕೂತು ಮಾತಾಡಿದ. ಸಕ್ಕರೆ ಕಾರ್ಖಾನೆಯ ಕೆಲಸಗಾರರನ್ನು ಕರೆದೊಯ್ಯುವ ಮಿನಿಬಸ್ಸು ಅವನದು, ಪಾಳಿಯ ನಡುವೆ ಖಾಲಿ ನಿಂತಿರುತ್ತಿತ್ತು. ಕೆಲಸ ಅವನಿಗೂ ಬೇಕಿತ್ತು. ಆದರೂ ಅವನು ತಲೆಯಾಡಿಸಿದ.

"ಅಕ್ಕಾರ, ನಮ್ಮ ಕಡಿಂದ ಲಕೋಟಿ ಇಸಕೋತೀರಿ, ಕಡೀಕ ಅವರಿಗೇ ಕೊಡ್ತೀರಿ. ಇದು ಹಿಂದಿನಿಂದ ನಡದ ನಾಟಕ. ನನಗ ಸಾವಕಾರ್ರ ಸಿಟ್ಟ ಅಷ್ಟ ಉಳೀತೈತಿ."

ಬೇರೆ ಯಾರಾದರೂ ಆಗಿದ್ದರೆ ಏನನ್ನುತ್ತಿದ್ದರು? ನೀ ಬಾರಪ್ಪ, ನಿನಗೇ ಕೊಡಿಸುತ್ತೇನೆ ಎನ್ನುತ್ತಿದ್ದರು. ಅಲ್ಲಿಗೆ ಹಳೆಯ ಸಾವಕಾರ ಹೋಗಿ ಹೊಸ ಸಾವಕಾರ ಬಂದಂತಾಗುತ್ತಿತ್ತು. ಬೌರವ್ವ ಹಾಗೆ ಹೇಳಲಿಲ್ಲ.

"ನಿಮಗ ಕೊಡ್ತೀನಿ ಅಂತ ನಾ ಹೇಳೂದಿಲ್ಲ, ಅಣ್ಣಾರ. ಎಲ್ಲಾರ ಎದುರಿಗೆ ಒಡಿತೀನಿ ಅಂತ ಹೇಳ್ತೀನಿ. ನಿಮ್ಮ ಗಾಡಿ ಏರಲಿಲ್ಲಂದ್ರ ನಿಮ್ಮನ್ನೂ ವಾಪಸ್ ಕಳಸ್ತೀನಿ."

ದಸ್ತಗೀರ ಅವಳ ಮುಖವನ್ನೇ ನೋಡಿದ. ಕೆಲಸ ಕೊಡುತ್ತೇನೆ ಎಂದವರನ್ನು ಅವನು ಬಹಳ ಕಂಡಿದ್ದ. ಕೊಡದೆಯೂ ಇರಬಹುದು ಎಂದು ಮುಖಕ್ಕೇ ಹೇಳಿದವರನ್ನು ಕಂಡಿರಲಿಲ್ಲ. ಅದಕ್ಕೇ ನಂಬಿಕೆ ಬಂತು. ತಾನು ಲಕೋಟೆ ಕೊಡುವುದಾಗಿ ಹೇಳಿದ. ಅವನನ್ನು ನೋಡಿ ಪಟ್ಟಣದ ಇನ್ನೊಬ್ಬ ವ್ಯಾನಿನವನೂ ಧೈರ್ಯ ಮಾಡಿದ. ಒಬ್ಬರು ಮುಂದೆ ಬಂದರೆ ಸಾಕು ನೋಡಿ, ಎರಡನೆಯವರು ಬಾಗಿಲ ಹಿಂದೆಯೇ ಕಾಯುತ್ತಿರುತ್ತಾರೆ.

ಪರೀಕ್ಷೆಯ ದಿನ ಊರೇ ಹಳ್ಳದ ದಂಡೆಗೆ ಬಂದು ನಿಂತಿತು. ಸಾವಕಾರನ ಟೆಂಪೋ ಬಂತು, ಅವನ ಅಳಿಯ ಮತ್ತು ಗುಮಾಸ್ತ ಮಾತ್ರ ಗಾಡಿ ತರಲಿಲ್ಲ. ತರಲು ಅವರಿಗೆ ಗಾಡಿಯೇ ಇರಲಿಲ್ಲ. ವ್ಯಾನು ಬಂತು. ದಸ್ತಗೀರನ ಮಿನಿಬಸ್ಸು ತೊಳೆದು ಮಿರಿಮಿರಿ ಹೊಳೆಯುತ್ತ ಬಂತು. ಗಾಡಿಯಲ್ಲಿ ಭಾರಕ್ಕೆ ಏನಿಡುವುದು ಎಂದು ಚರ್ಚೆಯಾಯಿತು. ಕೆಲವರು ಉಸುಕಿನ ಚೀಲ ಎಂದರು. ಬೌರವ್ವ ಬೇಡ ಎಂದಳು.

"ಮಕ್ಕಳು ಕೂಡೂ ಜಾಗದಾಗ ನಾವ ಕೂಡೂಣು."

ಮೊದಲು ನಗು ಎದ್ದಿತು, ಆಮೇಲೆ ಸುಮ್ಮನಾದರು. ಹಿರಿಯರು ರುಮಾಲು ಸರಿಪಡಿಸಿಕೊಂಡು ಟೆಂಪೋ ಹತ್ತಿದರು, ಹೆಣ್ಣುಮಕ್ಕಳು ಹತ್ತಿದರು, ಹೆಡ್ ಮಾಸ್ತರು ಹತ್ತಿದರು. ಬೌರವ್ವ ಸಾವಕಾರನ ಕಡೆ ತಿರುಗಿ, ನಿಮ್ಮ ಗಾಡಿ ಅಪ್ಪಾರ, ನೀವೂ ಬರ್ರಿ ಎಂದು ಕರೆದಳು. ಇಡೀ ಊರು ನೋಡುತ್ತಿದೆ, ಇಲ್ಲ ಎನ್ನುವುದು ಹೇಗೆ? ಸಾವಕಾರ ಹತ್ತಿದ. ಆ ಟೆಂಪೋವನ್ನು ಅವನು ಕೊಂಡು ಎಷ್ಟೋ ವರ್ಷವಾಗಿತ್ತು, ಒಂದು ದಿನವೂ ಅದರ ಹಿಂಭಾಗದಲ್ಲಿ ಕೂತವನಲ್ಲ. ಒಳಗೆ ಜಾಗವಿಲ್ಲದೆ ಹಗ್ಗದ ಬಾಗಿಲಿನ ಪಕ್ಕದಲ್ಲೇ ಕೂತ.

ಟೆಂಪೋ ಹೊರಟಿತು. ಹಳ್ಳ ದಾಟಿತು. ಏರಿನ ನಡುವೆ ನರಳಿತು, ನಿಂತಿತು, ಹಿಂದಕ್ಕೆ ಜಾರಿತು. ಒಳಗಿದ್ದ ದೊಡ್ಡವರೆಲ್ಲ ದೇವರ ಹೆಸರು ಕೂಗಿದರು. ಸಾವಕಾರ ಹಗ್ಗ ಹಿಡಿದ, ಹಗ್ಗ ಸಡಿಲವಾಯಿತು, ಹಿಂದೆ ಹಳ್ಳದ ಬಂಡೆಗಳು ಅವನಿಗೆ ಕಾಣುತ್ತಿದ್ದವು. ಅಷ್ಟರಲ್ಲಿ ದಂಡೆಯಲ್ಲಿ ನಿಂತಿದ್ದ ಶಾಲೆಯ ಹುಡುಗಿಯರು ಓಡಿ ಬಂದರು. ಯಾರೂ ಹೇಳಿರಲಿಲ್ಲ. ರೂಢಿಯಾಗಿದ್ದ ಕಾಲುಗಳು ತಾವಾಗಿಯೇ ಓಡಿದವು. ಬದಿಯ ಕಲ್ಲನ್ನೆತ್ತಿ ಗಾಲಿಗೆ ಕೊಟ್ಟರು. ಗಾಡಿ ನಿಂತಿತು.

ಸಾವಕಾರ ಕೆಳಗಿಳಿದ. ಎದುರಿಗೆ ಅವತ್ತು ಬೆರಳು ಉಳಿಸಿಕೊಂಡಿದ್ದ ಆ ಹುಡುಗಿ ಅಂಗೈಯ ಮಣ್ಣು ಒರೆಸಿಕೊಳ್ಳುತ್ತ ನಿಂತಿದ್ದಳು.

"ಯಾರ ಕಲಿಸ್ಯಾರವ್ವ ನಿನಗ ಇದನ್ನ?"

"ಯಾರೂ ಕಲಿಸಿಲ್ರಿ, ಮುತ್ಯಾ. ದಿನಾ ಹಿಂಗ ಮಾಡ್ತೀವಿ."

ಸಾವಕಾರ ಅವಳ ಪುಟ್ಟ ಅಂಗೈಯನ್ನು ತನ್ನ ಕೈಯಲ್ಲಿ ಹಿಡಿದು ನೋಡಿದ. ಇದೇ ಕೈಗೆ ಅವನು ಲಾಡು ಇಟ್ಟಿದ್ದ. ಆಗ ಕೈಯನ್ನು ನೋಡಿರಲಿಲ್ಲ.

ವ್ಯಾನು ಏರು ಹತ್ತಿತು, ಸ್ವಲ್ಪ ಏದುಸಿರು ಬಿಟ್ಟರೂ ಹತ್ತಿತು. ದಸ್ತಗೀರನ ಮಿನಿಬಸ್ಸಿಗೆ ಜನರನ್ನು ಹತ್ತಿಸುವಾಗ ಸಾವಕಾರ ತಾನಾಗಿ ಬಂದು ಹತ್ತಿದ. ಯಾರೂ ಕರೆದಿರಲಿಲ್ಲ. ಬಸ್ಸು ಒಂದೇ ಉಸಿರಿಗೆ ಮೇಲೇರಿ, ಏರಿನ ನೆತ್ತಿಯ ಮೇಲೆ ಹೋಗಿ ನಿಂತಿತು. ದಂಡೆಯಲ್ಲಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಹೆಡ್ ಮಾಸ್ತರು ಕೂಡ ತಟ್ಟಿದರು.

ಶಾಲೆಯ ಅಂಗಳಕ್ಕೆ ಬಂದು ವ್ಯಾನಿನವನ ಲಕೋಟೆ, ದಸ್ತಗೀರನ ಲಕೋಟೆ ಎಲ್ಲರ ಎದುರು ಒಡೆದರು. ದಸ್ತಗೀರನ ದರ ಕಡಿಮೆ ಇತ್ತು. ಅವನಿಗೆ ಕೆಲಸ ಸಿಕ್ಕಿತು. ಸಾವಕಾರನ ಲಕೋಟೆ ಒಡೆಯುವಂತಿರಲಿಲ್ಲ, ಗಾಡಿ ಪಾಸಾಗಿರಲಿಲ್ಲ. ಬೌರವ್ವ ಅದನ್ನು ಮುಚ್ಚಿದ್ದ ಹಾಗೆಯೇ ಎರಡೂ ಕೈಯಲ್ಲಿ ಹಿಡಿದು ಅವನಿಗೆ ಮರಳಿ ಕೊಟ್ಟಳು. ಕೊಟ್ಟು, ಅವನ ಪಾದ ಮುಟ್ಟಿ ನಮಸ್ಕರಿಸಿದಳು. ಗಂಡನ ಜೀವ ಉಳಿಸಿದ ಮನುಷ್ಯನಿಗೆ ಅವಳ ನಮಸ್ಕಾರ ಅದು. ಆ ನಮಸ್ಕಾರದಲ್ಲಿ ಒಂದಿಷ್ಟೂ ಕಡಿಮೆಯಾಗಿರಲಿಲ್ಲ.

ಸಾವಕಾರ ಏನನ್ನುತ್ತಾನೆ? ಜಾಗ ವಾಪಸ್ ಕೇಳುತ್ತಾನೆಯೇ? ಕಮಾನು ಕೆಡವಿಸುತ್ತಾನೆಯೇ? ಅವನು ಲಕೋಟೆಯನ್ನು ಜೇಬಿಗಿಟ್ಟುಕೊಂಡ.

"ನನ್ನ ಮುಂದ ಎಲ್ಲಾರೂ ಹೂಂ ಅಂದ್ರು. ನನ್ನ ಟೆಂಪೋದಾಗ ಕೂತ್ರ ಎಷ್ಟ ಭಯ ಆಗ್ತೈತಿ ಅಂತ ಇವತ್ತ ಗೊತ್ತಾತು. ಎದ್ದೇಳವ್ವ ತಂಗಿ. ಮುಂದಿನ ವರ್ಷ ಮತ್ತ ಬರ್ತೀನಿ, ಏರು ಹತ್ತೂ ಗಾಡಿ ತಗೊಂಡ ಬರ್ತೀನಿ."

ಮೊದಲ ದಿನ ಮಿನಿಬಸ್ಸು ಮಕ್ಕಳನ್ನು ತುಂಬಿಕೊಂಡು ಏರು ಹತ್ತಿ ಮೇಲೆ ನಿಂತಾಗ ಆ ಹುಡುಗಿಯರು ಇಳಿದು ಕೆಳಗೆ ಓಡಿದರು. ಬದಿಯಲ್ಲಿಟ್ಟಿದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಹಳ್ಳಕ್ಕೆ ಎಸೆದರು. ನೀರು ಚಿಮ್ಮಿದಾಗಲೆಲ್ಲ ಬಸ್ಸಿನ ತುಂಬ ಕೇಕೆ. ಗೂಳಪ್ಪ ಹೊಲದಿಂದ ಅದನ್ನು ನೋಡಿದ. ಮನೆಗೆ ಬಂದು, ಹೆಂಡತಿ ರೊಟ್ಟಿ ಬಡಿಯುವ ಜೋಳದ ಚೀಲವನ್ನು ತಾನೇ ಹೊತ್ತು ಗಿರಣಿಗೆ ಹೋದ.

ಸಾವಕಾರ ಮಾತು ಉಳಿಸಿಕೊಂಡ. ಮರುವರ್ಷ ಹೊಸ ಬಸ್ಸು ತಂದ, ಎಲ್ಲರ ಹಾಗೆ ಸಾಲಿನಲ್ಲಿ ನಿಂತು ಲಕೋಟೆ ಕೊಟ್ಟ. ಗೆದ್ದನೇ? ಇಲ್ಲ, ಸೋತ. ದಸ್ತಗೀರ ಇನ್ನೂ ಕಡಿಮೆ ದರ ಹಾಕಿದ್ದ. ಅದರ ಮರುವರ್ಷ ಮತ್ತೆ ಬಂದ. ಆ ಸಲ ಗೆದ್ದ. ಶಾಲೆಯ ಅಂಗಳದಲ್ಲಿ ದಸ್ತಗೀರನೇ ಮೊದಲು ಕೈಕುಲುಕಿದ. ಸಾವಕಾರ ಊರಿಗೆಲ್ಲ ಪೇಡೆ ಹಂಚಿದ. ಇಷ್ಟು ವರ್ಷ ನಿಮ್ಮದೇ ಗಾಡಿ ಇತ್ತಲ್ಲ, ಆಗ ಹಂಚದ ಪೇಡೆ ಈಗ ಯಾಕೆ ಎಂದು ಯಾರೋ ಕೇಳಿದರು. ಆಗ ನಾನು ಗೆದ್ದೇ ಇರಲಿಲ್ಲವಲ್ಲ ಎಂದ. ಎದುರಿಗೆ ಯಾರೂ ಇಲ್ಲದ ಮೈದಾನದಲ್ಲಿ ಓಡಿದವನು ಗೆದ್ದೆ ಎನ್ನಬಹುದೇ? ಆ ಸಾವಕಾರನಿಗೆ ನಿಜವಾದ ಗೆಲುವಿನ ರುಚಿ ತೋರಿಸಿದವಳು ಅವನಿಗೆ ಇಲ್ಲ ಎಂದ ಹೆಣ್ಣುಮಗಳು.

ಕಥೆ ಅವರದು. ಈಗ ನಿಮ್ಮ ಸರದಿ.

ನಿಮ್ಮಲ್ಲಿ ಶಾಲೆಯ ಸಮಿತಿಯವರಿದ್ದೀರಿ, ಸೊಸೈಟಿಯ ಡೈರೆಕ್ಟರುಗಳಿದ್ದೀರಿ, ಪಂಚಾಯಿತಿಯ ಸದಸ್ಯರಿದ್ದೀರಿ. ಇಲ್ಲಿಯೇ ಮುಂದಿನ ಸಾಲಿನಲ್ಲಿ ಕೂತಿದ್ದೀರಿ, ಹಿಂದೆ ತಿರುಗಿ ನೋಡಬೇಡಿ. ನಿಮ್ಮ ಮನೆಗೆ ಬದನೆಕಾಯಿ ಕೊಳ್ಳುವಾಗ ಒಂದೊಂದನ್ನೂ ತಿರುಗಿಸಿ ಹುಳುಕು ನೋಡುತ್ತೀರಿ. ಊರ ಮಕ್ಕಳ ಊಟದ ಬೇಳೆ, ಕೂರುವ ಬೆಂಚು, ಕುಡಿಯುವ ನೀರಿನ ಟಾಕಿ ಕೊಳ್ಳುವಾಗ ಆ ಕಣ್ಣು ಎಲ್ಲಿ ಹೋಗುತ್ತದೆ? ನಾಳೆಯಿಂದ ಹೀಗೆ ಮಾಡಿ. ನೋಡದೆ ನೋಡಿದೆ ಎಂದು ಬರೆಯಬೇಡಿ. ಬೇಳೆಯನ್ನು ನೀವು ಮೊದಲು ಉಣ್ಣಿ. ಬೆಂಚಿನ ಮೇಲೆ ನೀವು ಮೊದಲು ಕೂರಿ. ಬೆಲೆ ಹೇಳಲು ಹೊಸಬರು ಬಂದರೆ ಅವರ ಊರು, ಕುಲ ಕೇಳಬೇಡಿ, ಅವರ ಸರಕು ಕೇಳಿ. ನಿಮಗೆ ಉಪಕಾರ ಮಾಡಿದವರಿದ್ದರೆ ಅವರ ಮನೆಗೆ ನಿಮ್ಮ ಒಲೆಯ ರೊಟ್ಟಿ ಒಯ್ಯಿರಿ, ಅವರ ಕಾಲಿಗೆ ಬೀಳಿ, ಅವರ ಮನೆಯ ಮದುವೆಯಲ್ಲಿ ನೀರು ಹೊತ್ತುಕೊಡಿ. ಊರ ಕೆಲಸವನ್ನು ಮಾತ್ರ ಅವರ ಮಡಿಲಿಗೆ ಹಾಕಬೇಡಿ.

ಇನ್ನು ಕೊಡುವ ಕೈಯವರೇ, ನಿಮಗೂ ಒಂದು ಮಾತು. ದಾನ ಕೊಟ್ಟ ಮೇಲೆ ಅದರ ದಾರವನ್ನು ಬೆರಳಿಗೆ ಸುತ್ತಿಕೊಂಡು ಕೂರಬೇಡಿ. ಯಾರಾದರೂ ನಿಮಗೆ ಇಲ್ಲ ಎಂದರೆ, ಆ ರಾತ್ರಿ ಊಟ ಬಿಡಬೇಡಿ. ಮರುದಿನ ಎದ್ದು ನಿಮ್ಮ ಗಾಡಿಯ ಹಿಂಭಾಗದಲ್ಲಿ ಒಮ್ಮೆ ಕೂತು ನೋಡಿ.

ಈ ಸೋಮವಾರ ನಮ್ಮ ಮಠದ ದಾಸೋಹಕ್ಕೆ ಅಕ್ಕಿ, ಬೇಳೆ ಕೊಳ್ಳುವ ಲಕೋಟೆಗಳನ್ನು ಇದೇ ಕಟ್ಟೆಯ ಮೇಲೆ ಒಡೆಯುತ್ತೇವೆ. ಭಕ್ತರ ಅಂಗಡಿಯೂ ಬರಲಿ, ಗುರುತಿಲ್ಲದವರ ಅಂಗಡಿಯೂ ಬರಲಿ. ನೀವೆಲ್ಲ ಬನ್ನಿ. ಸುಮ್ಮನೆ ಕೈಮುಗಿದು ಕೂರಲು ಬರಬೇಡಿ, ಮುಷ್ಟಿ ಬೇಳೆ ಕೈಗೆ ತೆಗೆದುಕೊಂಡು ನೋಡಲು ಬನ್ನಿ. ಹುಳು ಕಂಡರೆ ನಮ್ಮ ಮುಖ ನೋಡದೆ ಹೇಳಿ. ಅವತ್ತು ನೀವು ಗಟ್ಟಿಯಾಗಿ ಹೇಳುವ ಆ ಒಂದು ಮಾತೇ ಗುರುವಿಗೆ ನೀವು ಸಲ್ಲಿಸುವ ಸೇವೆ.